ನಿಂಬೆಹಣ್ಣಿನ ಮುಂದೆ ನಿಂತ ಲಾರಿ

ನಮ್ಮ ಅಪ್ಪನ ಸ್ಕೂಟರಿನ ಹಿಂದೆ, ಸ್ಟೆಪ್ನಿಯ ಕವರಿನ ಮೇಲೆ, ಕೆಂಪು ಅಕ್ಷರದ ಒಂದು ಸ್ಟಿಕ್ಕರ್ ಇತ್ತು: ‘ರನ್ನಿಂಗ್ ಇನ್’. ಹೊಸ ಗಾಡಿಯನ್ನು ಮೊದಮೊದಲು ನಲವತ್ತರ ಒಳಗೇ ಓಡಿಸಿ ಇಂಜಿನ್ ಪಳಗಿಸುತ್ತಿದ್ದೇವೆ, ಹಿಂದಿನಿಂದ ಬರುವವರು ಬೈದುಕೊಳ್ಳಬೇಡಿ ಎಂದು ಲೋಕಕ್ಕೆ ತಿಳಿಸುವ ಸ್ಟಿಕ್ಕರ್ ಅದು. ಆಗ ಎಲ್ಲರೂ ಅಂಟಿಸುತ್ತಿದ್ದರು, ಒಂದೆರಡು ಸರ್ವಿಸ್ ಆದ ಮೇಲೆ ಕಿತ್ತುಹಾಕುತ್ತಿದ್ದರು. ಅಪ್ಪ ಕೀಳಲಿಲ್ಲ. ಸ್ಕೂಟರು ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ನಾನು ಪಾಲಿಟೆಕ್ನಿಕ್ ಮುಗಿಸಿ ಮನೆಯಲ್ಲಿ ಕೂತಾಗಲೂ ಸ್ಕೂಟರು ರನ್ನಿಂಗ್ ಇನ್‌ನಲ್ಲೇ ಇತ್ತು. ತ್ಯಾಗರಾಜನಗರದ ನಮ್ಮ ಬೀದಿಯಲ್ಲಿ ಅಪ್ಪ ಕಚೇರಿಯಿಂದ ಬರುತ್ತಿದ್ದರೆ ಪೇಪರ್ ಹಾಕುವ ಸೈಕಲ್ಲೂ ಬೆಲ್ ಹೊಡೆದು ಮುಂದೆ ಹೋಗುತ್ತಿತ್ತು.

‘ಬುಕ್ ಮಾಡಿ ಎಷ್ಟು ವರ್ಷ ಕಾದೆ ಗೊತ್ತಾ? ಅಷ್ಟು ಕಾದು ತಂದ ಗಾಡೀನ ಎರಡು ದಿನಕ್ಕೆ ಹಾಳು ಮಾಡಕ್ಕಾಗತ್ತಾ? ನಿಧಾನವೇ ಪ್ರಧಾನ’ ಅನ್ನುತ್ತಿದ್ದರು.

ಮನೆಯ ಉಳಿದ ಸಾಮಾನುಗಳ ಕಥೆಯೂ ಅದೇ. ಟಿವಿಗೆ ಬಾಗಿಲಿರುವ ಪೆಟ್ಟಿಗೆ, ಆ ಬಾಗಿಲಿಗೆ ಬೀಗ, ಅದರ ಮೇಲೆ ಅಮ್ಮ ಕಸೂತಿ ಹಾಕಿದ ಬಟ್ಟೆ. ಸೋಫಾದ ಪ್ಲಾಸ್ಟಿಕ್ ತೆಗೆದದ್ದನ್ನು ನಾನು ಕಂಡಿಲ್ಲ. ಬೇಸಿಗೆಯಲ್ಲಿ ಅದರ ಮೇಲೆ ಕೂತು ಎದ್ದರೆ ಕಾಲಿನ ಚರ್ಮ ಅಲ್ಲೇ ಉಳಿಯಿತೇನೋ ಎನಿಸುತ್ತಿತ್ತು. ಒಳ್ಳೆಯ ವಸ್ತುವನ್ನು ಬಳಸುವುದಕ್ಕೆ ಮುಂಚೆ ಅದಕ್ಕೆ ಮನೆ ಅಭ್ಯಾಸವಾಗಬೇಕು ಎಂಬುದು ಅಪ್ಪನ ಸಿದ್ಧಾಂತ. ಒಳ್ಳೆಯ ವಸ್ತುಗಳ ಸಾಲಿನಲ್ಲಿ ನನ್ನನ್ನೂ ಸೇರಿಸಿದ್ದರು ಎಂಬುದು ಡಿಪ್ಲೊಮಾ ಮುಗಿದ ಮೇಲೆ ತಿಳಿಯಿತು.

ನಾನು ಓದಿದ್ದು ಹೆಣ್ಣುಮಕ್ಕಳ ಪಾಲಿಟೆಕ್ನಿಕ್‌ನಲ್ಲಿ, ಎಲೆಕ್ಟ್ರಿಕಲ್. ಮೋಟರಿಗೆ ತಂತಿ ಸುತ್ತುವ ವೈಂಡಿಂಗ್, ಅದನ್ನು ಬಿಚ್ಚುವುದು, ಸುಟ್ಟದ್ದನ್ನು ಮತ್ತೆ ಕಟ್ಟುವುದು ಅಂದರೆ ನನಗೆ ಊಟ ಬೇಡ. ಜೊತೆಯಲ್ಲಿ ಓದಿದವರು ಒಬ್ಬೊಬ್ಬರಾಗಿ ಕೆಲಸಕ್ಕೆ ಸೇರಿದರು. ನಾನು ಕೇಳಿದಾಗ ಅಪ್ಪ ಪೇಪರಿನಿಂದ ತಲೆ ಎತ್ತದೆ ಹೇಳಿದ್ದು ಇಷ್ಟು: ‘ಈಗ ತಾನೇ ಓದು ಮುಗ್ಸಿದೀಯ. ಸ್ವಲ್ಪ ದಿನ ಮನೇಲಿರು. ಎಲ್ಲಾ ಒಂದೇ ಸಲಕ್ಕೆ ಆಗಲ್ಲ.’

ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ‘ಸ್ವಲ್ಪ ದಿನ’ ಎನ್ನುವವರ ಜೊತೆ ಏನೆಂದು ಜಗಳವಾಡುವುದು? ಸಾರಿಗೆ ಒಗ್ಗರಣೆ ಹಾಕುತ್ತ, ಅಮ್ಮನ ಕೆಟ್ಟ ಮಿಕ್ಸಿ ರಿಪೇರಿ ಮಾಡುತ್ತ, ಅದು ಸರಿಹೋದ ಮೇಲೆ ಅಕ್ಕಪಕ್ಕದ ಮನೆಯವರ ಮಿಕ್ಸಿ ರಿಪೇರಿ ಮಾಡುತ್ತ ನಾನು ಮನೆಗೆ ಅಭ್ಯಾಸವಾಗತೊಡಗಿದೆ.

ಆ ವರ್ಷ ದಸರಾಕ್ಕೆ ಮಸ್ಕತ್‌ನಿಂದ ಚಿಕ್ಕಪ್ಪ ಬಂದರು. ಅವರ ಸೂಟ್‌ಕೇಸಿನಿಂದ ಸೆಂಟು, ಸೋಪು, ಅಮ್ಮನಿಗೆ ನೈಲಾನ್ ಸೀರೆ ಎಲ್ಲ ಹೊರಬಿದ್ದ ಮೇಲೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಬಂತು. ಅದರೊಳಗೆ ರೇಡಿಯೋ ಕಂಟ್ರೋಲ್ ಲಾರಿ. ಜಪಾನಿನದು. ಅಂಗೈಗಿಂತ ದೊಡ್ಡ ಗುಂಡು ಗುಂಡು ಚಕ್ರ, ಕೆಂಪು ಬಾಡಿ, ಕೈಯಲ್ಲಿ ಹಿಡಿಯುವ ಪೆಟ್ಟಿಗೆಗೆ ಉದ್ದನೆಯ ಏರಿಯಲ್. ತಂತಿಯೇ ಇಲ್ಲದೆ ಓಡುವ ಗಾಡಿಯನ್ನು ನಮ್ಮ ಬೀದಿ ಅಲ್ಲಿಯವರೆಗೆ ಕಂಡಿರಲಿಲ್ಲ. ಯಾವ ಮಗುವಿಗೆ ಎಂದು ಅಮ್ಮ ಕೇಳಿದರೆ ಚಿಕ್ಕಪ್ಪ ನಕ್ಕರು.

‘ಮಗುವಿಗಲ್ಲ ಅತ್ತಿಗೆ. ಅಣ್ಣಂಗೆ. ಚಿಕ್ಕವನಾಗಿದ್ದಾಗ ರಸ್ತೇಲಿ ಲಾರಿ ಹೋದ್ರೆ ಊಟ ಬಿಟ್ಟು ಓಡ್ತಿದ್ದ. ನೆನಪಿಟ್ಕೊಂಡು ತಂದೆ.’

ಅಪ್ಪ ಲಾರಿಯ ಚಕ್ರವನ್ನು ಒಂದು ಬೆರಳಿನಿಂದ ತಿರುಗಿಸಿ ನೋಡಿದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ನೋಡಿದ್ದು ಕಡಿಮೆ, ಅದನ್ನು ಹೇಳಲೇಬೇಕು. ಆಮೇಲೆ ಅಣ್ಣತಮ್ಮಂದಿರಿಬ್ಬರೂ ಲಾರಿ ಹಿಡಿದುಕೊಂಡು ತಾರಸಿಗೆ ಹೋದರು. ಅದನ್ನು ಹೇಗೆ ನೋಡಿಕೊಳ್ಳಬೇಕು ಎಂದು ಚಿಕ್ಕಪ್ಪ ಹೇಳಿಕೊಟ್ಟದ್ದು ಅಲ್ಲೇ. ನಾನೂ ಅಮ್ಮನೂ ಕೆಳಗೆ ಹೋಳಿಗೆ ತಟ್ಟುತ್ತಿದ್ದೆವು. ಜೊತೆಯಲ್ಲಿ ಬಂದಿದ್ದ ಪುಸ್ತಕವೆಲ್ಲ ಜಪಾನಿ ಭಾಷೆಯಲ್ಲಿತ್ತು. ಹಾಗಾಗಿ ಚಿಕ್ಕಪ್ಪ ವಾಪಸು ಹೋದ ಮೇಲೆ ಆ ಲಾರಿಯ ಸಕಲ ಶಾಸ್ತ್ರವೂ ಅಪ್ಪನೊಬ್ಬರ ತಲೆಯಲ್ಲಿ ಉಳಿಯಿತು.

‘ಮೋಟರ್ ಒಳಗೆ ಎರಡು ಇಂಗಾಲದ ತುಂಡು ಇರತ್ತೆ, ಬ್ರಷ್ ಅಂತ. ಅವು ಸರಿಯಾಗಿ ಕೂರೋವರೆಗೂ ದೊಡ್ಡ ಬ್ಯಾಟರಿ ಹಾಕ್ಬಾರ್ದು. ಟಾರ್ಚ್ ಸೆಲ್ ಹಾಕಿ ನಿಧಾನಕ್ಕೆ ಓಡಿಸ್ಬೇಕು. ಇದಕ್ಕೂ ರನ್ನಿಂಗ್ ಇನ್ ಇದೆ!’ ಎಂದು ಅಪ್ಪ ನಮಗೆ ವಿವರಿಸಿದರು. ಅವರ ದನಿಯಲ್ಲಿ, ಜಪಾನಿನವರು ಕೊನೆಗೂ ತಮ್ಮ ಮಾತನ್ನು ಒಪ್ಪಿಕೊಂಡರಲ್ಲ ಎಂಬ ತೃಪ್ತಿಯಿತ್ತು.

‘ಎಷ್ಟು ಹೊತ್ತು ಓಡಿಸ್ಬೇಕಂತೆ?’ ನಾನು ಕೇಳಿದೆ.

‘ಎಷ್ಟಾದ್ರೆ ಅಷ್ಟು ಒಳ್ಳೇದು ಅಂದ.’

ಅಪ್ಪ ಹೇಳಿದ್ದರಲ್ಲಿ ಬುಡದಲ್ಲಿ ತಪ್ಪಿರಲಿಲ್ಲ. ಹೊಸ ಬ್ರಷ್ಷಿನ ಮುಖ ಚಪ್ಪಟೆ, ಅದು ಒತ್ತಿಕೊಂಡಿರುವ ತಾಮ್ರದ ಉರುಳೆ ದುಂಡಗೆ. ಮೊದಲು ಒಂದು ಗೆರೆಯಷ್ಟು ಮಾತ್ರ ತಾಗುತ್ತದೆ. ಆಗಲೇ ಜೋರಾಗಿ ಓಡಿಸಿದರೆ ಕಿಡಿ ಹಾರಿ ಎರಡೂ ಕೆಡುತ್ತವೆ. ಸ್ವಲ್ಪ ಹೊತ್ತು ಮೆಲ್ಲಗೆ ತಿರುಗಿದರೆ ಬ್ರಷ್ಷಿನ ಮುಖ ಉರುಳೆಯ ಆಕಾರಕ್ಕೆ ಸವೆದು ಚೆನ್ನಾಗಿ ಕೂರುತ್ತದೆ. ಸವೆಯಬೇಕಾದದ್ದು ಸ್ವಲ್ಪ, ಕೂದಲೆಳೆಯಷ್ಟು. ಈ ‘ಸ್ವಲ್ಪ’ ಎಂಬ ಮಾತಿಗೆ ನಮ್ಮ ಮನೆಯಲ್ಲಿ ಏನರ್ಥ ಎಂದು ಆಗಲೇ ಹೇಳಿದ್ದೇನೆ.

ಮಾರನೆಯ ದಿನದಿಂದ ಶುರುವಾಯಿತು. ಅಪ್ಪ ಕಚೇರಿಯಿಂದ ಬಂದು ಕಾಫಿ ಕುಡಿದು ಜಗುಲಿಯಲ್ಲಿ ಅಮ್ಮನ ರಾಗಿಹಿಟ್ಟಿನ ಡಬ್ಬ ಬೋರಲು ಹಾಕುವರು. ಅದರ ಮೇಲೆ ಲಾರಿ ಕೂರಿಸುವರು, ನಾಲ್ಕೂ ಚಕ್ರ ಗಾಳಿಯಲ್ಲಿ. ಮೋಟರಿಗೆ ಟಾರ್ಚ್ ಸೆಲ್ಲು ಸಿಕ್ಕಿಸಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುವರು. ಗುಂಯ್ ಎಂದು ಚಕ್ರಗಳು ತಿರುಗುವವು. ಲಾರಿ ಡಬ್ಬದ ಮೇಲಿನಿಂದ ಒಂದಿಂಚೂ ಕದಲುತ್ತಿರಲಿಲ್ಲ. ಕತ್ತಲಾಗಿ ಸೊಳ್ಳೆ ಕಚ್ಚಲು ಶುರುವಾದ ಮೇಲೆ ಅದನ್ನು ಒರೆಸಿ, ಪೆಟ್ಟಿಗೆಗೆ ಹಾಕಿ, ಬೀರುವಿನಲ್ಲಿಟ್ಟು ಬೀಗ ಹಾಕುವರು.

ಪಕ್ಕದ ಮನೆಯಲ್ಲಿ ರಿಟೈರಾದ ಒಬ್ಬ ಅಂಕಲ್ ಇದ್ದರು. ಕಾಂಪೌಂಡಿನ ಆಚೆ ನಿಂತು ದಿನಾ ವಿಚಾರಿಸುತ್ತಿದ್ದರು.

‘ಏನ್ ಸಾರ್, ಲಾರಿ ಎಲ್ಲೀವರೆಗೂ ಬಂತು?’

‘ರನ್ನಿಂಗ್ ಇನ್‌ನಲ್ಲಿದೆ ಸಾರ್.’

‘ಚಕ್ರ ತಿರುಗಿದ್ದು ನೋಡಿದ್ರೆ ಇಷ್ಟು ಹೊತ್ತಿಗೆ ಮೈಸೂರು ಮುಟ್ಟಬೇಕಿತ್ತಲ್ಲ.’

ಅಪ್ಪ ನಗುತ್ತಿರಲಿಲ್ಲ. ಗಾಡಿಯ ವಿಷಯದಲ್ಲಿ ಅವರಿಗೆ ತಮಾಷೆ ಆಗುತ್ತಿರಲಿಲ್ಲ. ಬೀದಿಯ ಮಕ್ಕಳು ಮೊದಲ ವಾರ ಗೇಟಿಗೆ ಜೋತುಬಿದ್ದು ನೋಡಿದರು. ಲಾರಿ ಎಲ್ಲಿಗೂ ಹೋಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಗೋಲಿ ಆಡಲು ಹೊರಟುಹೋದರು.

ಬೇಸಿಗೆ ಬಂತು. ಅಪ್ಪನಿಗೆ ಹೊಸ ಯೋಚನೆ ಬಂತು. ನೀರಿನಲ್ಲಿ ಮುಳುಗಿಸಿ ಓಡಿಸಿದರೆ ಬ್ರಷ್ ಇನ್ನೂ ಚೆನ್ನಾಗಿ ಕೂರುತ್ತದೆ ಎಂದು ಚಿಕ್ಕಪ್ಪ ಹೇಳಿದ್ದು ನೆನಪಾಯಿತಂತೆ. ಅಮ್ಮ ಹುಳಿ ಮಾಡುವ ಸ್ಟೀಲ್ ಪಾತ್ರೆಯಲ್ಲಿ ನೀರು ತುಂಬಿ, ಮೋಟರು ಬಿಚ್ಚಿ ಅದರಲ್ಲಿ ಮುಳುಗಿಸಿ ಸೆಲ್ಲು ಸಿಕ್ಕಿಸಿದರು. ಸ್ವಲ್ಪ ಹೊತ್ತಿಗೆ ನೀರು ಮಸಿಯಂತೆ ಕಪ್ಪಾಯಿತು.

‘ನೋಡ್ದ್ಯಾ? ಒಳಗಿದ್ದ ಕೊಳೆಯೆಲ್ಲ ಹೋಗ್ತಾ ಇದೆ’ ಎಂದು ಅಪ್ಪ ನನ್ನನ್ನು ಕರೆದು ತೋರಿಸಿದರು.

‘ಕೊಳೆ ಅಲ್ಲ ಅಪ್ಪ ಅದು. ಬ್ರಷ್ಷೇ ಸವೆದು ಬರ್ತಿರೋದು. ನೀರಲ್ಲಿ ಇನ್ನೂ ಬೇಗ ಸವೆಯುತ್ತೆ. ಸಾಕು, ತೆಗೀರಿ.’

‘ಡಿಪ್ಲೊಮಾ ಪುಸ್ತಕದಲ್ಲಿ ಇರೋದೇ ಬೇರೆ, ಅನುಭವವೇ ಬೇರೆ ಕಣಮ್ಮ’ ಅಂದರು ಅಪ್ಪ. ಅವರು ಕಂದಾಯದ ಕಡತಗಳನ್ನು ನೋಡುವ ಗುಮಾಸ್ತರು. ಮೋಟರಿನ ಅನುಭವ ಎಲ್ಲಿಂದ ಬಂತೋ ದೇವರೇ ಬಲ್ಲ. ಅಮ್ಮ ತನ್ನ ಪಾತ್ರೆಯ ಗತಿ ನೋಡಿ, ‘ಇನ್ಮೇಲೆ ಈ ಪಾತ್ರೇಲಿ ನಿಮ್ಮ ಲಾರಿಗೇ ಹುಳಿ ಮಾಡ್ಕೊಳ್ಳಿ’ ಎಂದು ಅದನ್ನು ಹಿತ್ತಿಲಿಗೆ ಎಸೆದಳು. ಅಪ್ಪ ತೊಳೆದುಕೊಂಡು ಬಂದು ಅದರಲ್ಲೇ ಮುಂದುವರಿಸಿದರು.

ಮಳೆಗಾಲ ಕಳೆಯುವ ಹೊತ್ತಿಗೆ ನನ್ನ ಪಾಲಿಟೆಕ್ನಿಕ್ಕಿನ ಮೇಡಂ ಜಯನಗರದ ಮಾರ್ಕೆಟ್ಟಿನಲ್ಲಿ ಸಿಕ್ಕಿದರು. ನನ್ನ ಕೈಯಲ್ಲಿದ್ದ ಹೀರೆಕಾಯಿ ಚೀಲ ನೋಡಿ, ‘ಇನ್ನೂ ಮನೇಲೇ ಇದೀಯಾ?’ ಎಂದು ಬೈದರು. ಬಿಳೇಕಹಳ್ಳಿಯ ಹತ್ತಿರ ಮಿಕ್ಸಿ ಮೋಟರು ಮಾಡುವ ಒಂದು ಹೊಸ ಫ್ಯಾಕ್ಟರಿ ಇದೆ, ವೈಂಡಿಂಗ್ ಬಲ್ಲ ಹುಡುಗಿ ಬೇಕಂತೆ, ನಿನ್ನ ಹೆಸರು ಹೇಳಿದ್ದೇನೆ, ದಸರಾ ಕಳೆದು ಬರುವ ಸೋಮವಾರ ಸೇರಬೇಕು, ಆಗಲ್ಲ ಅಂದರೆ ಬೇರೆಯವರಿಗೆ ಕೊಡುತ್ತಾರೆ, ನಾನು ಮತ್ತೆ ಮತ್ತೆ ಹೇಳುವುದಿಲ್ಲ ಅಂದರು. ನಾನು ಚೀಲ ಹಿಡಿದು ಮನೆಯವರೆಗೆ ನಡೆದೇ ಬಂದೆ. ಬಸ್ಸಿಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ.

ಅಪ್ಪನಿಗೆ ಬಿಳೇಕಹಳ್ಳಿ ಎಂಬ ಹೆಸರೇ ಸಾಕಾಯಿತು.

‘ಬನ್ನೇರುಘಟ್ಟ ರಸ್ತೆ ಅದು. ಸಂಜೆಯಾದ್ರೆ ನರಿ ಓಡಾಡ್ತವೆ.’

‘ನರಿಗಳು ಐದೂವರೆಗೆ ಶಿಫ್ಟ್ ಮುಗಿಸ್ಕೊಂಡು ಬರಲ್ಲ ಅಪ್ಪ.’

ಒಳಗಿನಿಂದ ಅಮ್ಮ ಕೆಮ್ಮಿದಳು. ಅದು ನಗು. ಅಪ್ಪ ತುಂಬ ಉದಾರವಾಗಿ ಒಂದು ದಾರಿ ಹೇಳಿದರು. ಬರುವ ಆಯುಧಪೂಜೆಗೆ ಲಾರಿ ಬಂದು ವರ್ಷವಾಗುತ್ತದೆ. ಅಂದು ರನ್ನಿಂಗ್ ಇನ್ ಮುಗಿಸಿ, ಪೂಜೆ ಮಾಡಿ, ದೊಡ್ಡ ಬ್ಯಾಟರಿ ಹಾಕಿ ಬೀದಿಗೆ ಇಳಿಸುವುದು. ಒಳ್ಳೆಯ ದಿನ. ನಿನ್ನ ವಿಷಯವನ್ನೂ ಅವತ್ತೇ ತೀರ್ಮಾನ ಮಾಡೋಣ.

ಜಾತಕ ನೋಡಿ ಮುಹೂರ್ತ ಇಡುವುದನ್ನು ಕೇಳಿದ್ದೇನೆ. ಆಟದ ಲಾರಿ ನೋಡಿ ಮುಹೂರ್ತ ಇಟ್ಟದ್ದು ನನ್ನೊಬ್ಬಳಿಗೇ ಇರಬೇಕು. ಮೈಯೆಲ್ಲ ಉರಿಯಿತು. ಆದರೂ ಒಪ್ಪಿಕೊಂಡೆ, ಕೈಗೆ ಸಿಕ್ಕಿದ್ದು ಅದೊಂದೇ ದಿನ.

ಆಯುಧಪೂಜೆಯ ಬೆಳಿಗ್ಗೆ ಸ್ಕೂಟರನ್ನು ತೊಳೆದು ಬಾಳೆಕಂಬ ಕಟ್ಟಿದ್ದಾಯಿತು. ಅದರ ಪಕ್ಕ ಮಣೆಯ ಮೇಲೆ ಲಾರಿ. ಅದಕ್ಕೂ ಸೇವಂತಿಗೆ ಹಾರ, ಬಾನೆಟ್ಟಿನ ಮೇಲೆ ವಿಭೂತಿ, ಕುಂಕುಮ. ದೇವರ ಮುಂದಿನ ತಟ್ಟೆಯಲ್ಲಿ ಮನೆಯ ಆಯುಧಗಳೆಲ್ಲ ಇದ್ದವು: ಈಳಿಗೆಮಣೆ, ಕತ್ತರಿ, ಅಪ್ಪನ ಪೆನ್ನು, ನನ್ನ ಸ್ಕ್ರೂಡ್ರೈವರು, ಇಕ್ಕಳ. ಒಂದೊಂದರ ಮೇಲೂ ಒಂದೊಂದು ಹೂವು. ಆ ದಿನ ಅವುಗಳಿಗೆ ವಿಶ್ರಾಂತಿ. ಪೂಜೆಗಿಟ್ಟ ಮೇಲೆ ಮಾರನೆಯ ದಿನದವರೆಗೆ ಮುಟ್ಟುವಂತಿಲ್ಲ, ತರಕಾರಿಯನ್ನೂ ಅಮ್ಮ ಹಿಂದಿನ ದಿನವೇ ಹೆಚ್ಚಿಟ್ಟಿದ್ದಳು.

ಸ್ಕೂಟರು ನಿಂಬೆಹಣ್ಣು ತುಳಿಯಿತು. ಆಮೇಲೆ ಲಾರಿಯ ಸರದಿ. ಅದರ ಭಾರಕ್ಕೆ ನಿಂಬೆಹಣ್ಣು ಒಡೆಯುವುದಿಲ್ಲ, ಹತ್ತಿ ಇಳಿದರೆ ಸಾಕು ಎಂದು ಅಪ್ಪ ತಾವೇ ಶಾಸ್ತ್ರ ಸಡಿಲಿಸಿ, ಅಮ್ಮನ ಕೈಯಿಂದ ಇದ್ದುದರಲ್ಲಿ ಸಣ್ಣ ಹಣ್ಣನ್ನು ಆರಿಸಿ ಇಡಿಸಿದರು. ಗೋಲಿ ಬಿಟ್ಟು ಮಕ್ಕಳು ಬಂದರು. ಪಕ್ಕದ ಮನೆ ಅಂಕಲ್ ಹೊಸ ಪಂಚೆಯುಟ್ಟು ಬಂದರು. ಅಪ್ಪ ದೊಡ್ಡ ಬ್ಯಾಟರಿ ಹಾಕಿ, ಏರಿಯಲ್ ಎಳೆದು, ಕಣ್ಣು ಮುಚ್ಚಿ ಒಂದು ಕ್ಷಣ ನಿಂತರು. ಬೆರಳು ಸರಿಸಿದರು.

ಲಾರಿ ಒಂದು ಗೇಣು ಮುಂದೆ ಬಂತು. ನಿಂಬೆಹಣ್ಣಿಗೆ ಮೂಗು ತಾಗಿಸಿತು. ನಿಂತಿತು.

ಅಪ್ಪ ಮತ್ತೆ ಬೆರಳು ಸರಿಸಿದರು. ಒಳಗೆಲ್ಲೋ ಚಿಟ್ ಎಂದಿತು, ಸುಟ್ಟ ವಾಸನೆ ಬಂತು. ಆಮೇಲೆ ಅದೂ ಇಲ್ಲ.

‘ನಿಂಬೆಹಣ್ಣು ಗಟ್ಟಿ ಇದೆ ಸಾರ್’ ಅಂದರು ಅಂಕಲ್.

ಮಕ್ಕಳು ನಗಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ಅಪ್ಪ ಲಾರಿಯನ್ನು ಎತ್ತಿಕೊಂಡು, ಹಾರದ ಸಮೇತ, ಒಳಗೆ ಬಂದು ಜಗುಲಿಯಲ್ಲಿ ಕೂತರು. ಬೀದಿ ಖಾಲಿಯಾಯಿತು. ಕೋಸಂಬರಿ ಕೊಡಲು ಹೋದ ಅಮ್ಮನಿಗೆ ಬೇಡ ಅಂದರು.

‘ಶಕುನ ಸರಿಯಿಲ್ಲ. ಇನ್ನೊಂದು ವರ್ಷ ನೋಡೋಣ’ ಅಂದರು.

‘ಯಾವುದನ್ನ?’ ನಾನು ಕೇಳಿದೆ.

‘ಎರಡನ್ನೂ.’

ಅಷ್ಟು ಸಿಟ್ಟು ನನಗೆ ಅದಕ್ಕೆ ಮೊದಲೂ ಬಂದಿಲ್ಲ, ಆಮೇಲೂ ಬಂದಿಲ್ಲ. ಕೂಗಾಡಲು ಬಾಯಿ ತೆರೆದೆ, ಅಳು ಬರುವಂತಾಯಿತು. ಅಪ್ಪನ ಮುಂದೆ ಅತ್ತರೆ ಆ ವಿಷಯ ಅಲ್ಲಿಗೆ ಮುಗಿಯಿತು ಎಂದು ಗೊತ್ತಿತ್ತು. ನೆಟ್ಟಗೆ ದೇವರ ಮನೆಗೆ ಹೋಗಿ ಆಯುಧಗಳ ತಟ್ಟೆಗೆ ಕೈ ಚಾಚಿದೆ. ಅಮ್ಮ ಹಿಂದೆಯೇ ಬಂದಳು.

‘ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಟಬಾರ್ದು.’

ನಾನು ಕೈ ಹಿಂದೆ ತೆಗೆದೆ. ಅಮ್ಮ ನನ್ನ ಮುಖವನ್ನು ನೋಡಿದಳು. ಆಮೇಲೆ ತಾನೇ ಬಗ್ಗಿ, ಸ್ಕ್ರೂಡ್ರೈವರಿನ ಮೇಲಿದ್ದ ಸೇವಂತಿಗೆಯನ್ನು ತೆಗೆದು ದೇವರ ಪಟಕ್ಕೆ ಏರಿಸಿ, ಸೆರಗಿನಿಂದ ಕುಂಕುಮ ಒರೆಸಿ, ಅದನ್ನು ನನ್ನ ಕೈಯಲ್ಲಿಟ್ಟಳು. ‘ಹೋಗು’ ಅಂದಳು. ಅಡ್ಡಬಿದ್ದು ನಮಸ್ಕಾರ ಮಾಡಬೇಕೆನಿಸಿತು ನನಗೆ, ದೇವರಿಗಲ್ಲ.

ಜಗುಲಿಯಲ್ಲಿ ಪೇಪರು ಹಾಸಿ, ಅಪ್ಪನ ಎದುರಿಗೇ ಮೋಟರು ಬಿಚ್ಚಿದೆ. ಅದರ ತಗಡಿನ ಮುಚ್ಚಳವನ್ನು ಬಿಚ್ಚಲು ಬಾರದಂತೆ ಅಂಚು ಮಡಿಚಿ ಕೂರಿಸಿರುತ್ತಾರೆ. ಮಡಿಕೆಯನ್ನು ಎಬ್ಬಿಸಿ ಮುಚ್ಚಳ ಎಳೆದೆ. ಪೇಪರಿನ ಮೇಲೆ ಕಪ್ಪು ಪುಡಿ ಸುರಿಯಿತು. ಬ್ರಷ್ ಇರಬೇಕಾದ ಜಾಗದಲ್ಲಿ ಅಕ್ಕಿ ನುಚ್ಚಿನಷ್ಟು ಚೂರು ಉಳಿದಿತ್ತು. ತಾಮ್ರದ ಉರುಳೆಯ ಮೇಲೆ ಆಳವಾದ ಗೀರು.

‘ಇವೇ ನಿಮ್ಮ ಬ್ರಷ್ಷು’ ಎಂದು ಅಂಗೈಯಲ್ಲಿಟ್ಟು ತೋರಿಸಿದೆ.

ಅಪ್ಪ ಕನ್ನಡಕ ಏರಿಸಿ ನೋಡಿದರು. ‘ಇದು ಹೇಗೆ? ಒಂದು ದಿನವೂ ಜೋರಾಗಿ ಓಡಿಸಿಲ್ಲ. ನೆಲದ ಮೇಲೇ ಇಳಿಸಿಲ್ಲ.’

‘ನಿಧಾನಕ್ಕೆ ಓಡಿದ್ರೂ ಸವೆಯುತ್ತೆ ಅಪ್ಪ. ನಿಂತಲ್ಲೇ ಓಡಿದ್ರೂ ಸವೆಯುತ್ತೆ.’

ಈಗ ನೀವು, ಓಹೋ, ಮೋಟರು ಅಂದರೆ ಇವಳೇ ಎಂದು ತಲೆದೂಗಬಹುದು. ದಯವಿಟ್ಟು ಬೇಡ. ನಾನು ಮೋಟರಲ್ಲ, ಆ ಕ್ಷಣ ನಾನು ಹೇಳಿದ್ದು ಬ್ರಷ್ಷಿನ ವಿಷಯವೇ. ಆದರೆ ವರ್ಷವಿಡೀ ನಮ್ಮಿಬ್ಬರನ್ನೂ ಒಂದೇ ತಕ್ಕಡಿಗೆ ಹಾಕಿದವರು ಅಪ್ಪ. ಹಾಗಾಗಿ ಅವರಿಗೆ ಕೇಳಿಸಿದ್ದು ಬೇರೆ ಇರಬೇಕು. ಅವರು ಆ ನುಚ್ಚನ್ನು ನನ್ನ ಅಂಗೈಯಿಂದ ತಮ್ಮ ಅಂಗೈಗೆ ಹಾಕಿಕೊಂಡರು.

ಬಾಗಿಲಲ್ಲಿ ನಿಂತಿದ್ದ ಅಮ್ಮ ಹೇಳಿದಳು: ‘ಹಲ್ಲಿದ್ದಾಗ ಕಡಲೆ ಕೊಡ್ಲಿಲ್ಲ. ಕಡಲೆ ಕೊಟ್ಟಾಗ ಹಲ್ಲಿಲ್ಲ.’

‘ಸರಿಮಾಡಕ್ಕಾಗತ್ತಾ?’ ಅಪ್ಪ ಕೇಳಿದರು. ನನ್ನನ್ನು ಅವರು ಹಾಗೆ ಒಂದು ವಿಷಯ ಕೇಳಿದ್ದು ಅದೇ ಮೊದಲು.

‘ಆಗತ್ತೆ. ಸಾಮಾನು ಬೇಕು.’

ಮಾರನೆಯ ದಿನ ವಿಜಯದಶಮಿ. ಆಯುಧಗಳಿಗೂ ರಜೆ ಮುಗಿದಿತ್ತು. ಮಿಕ್ಸಿಯ ಬ್ರಷ್ ಇದಕ್ಕೆ ಆಗುವುದಿಲ್ಲ, ಸಣ್ಣ ವೋಲ್ಟೇಜಿಗೆ ತಾಮ್ರ ಬೆರೆತ ಬ್ರಷ್ಷೇ ಬೇಕು. ಬನಶಂಕರಿಯ ಕಡೆ ಒಂದು ಆಟೋ ಎಲೆಕ್ಟ್ರಿಕ್ ಅಂಗಡಿಯಲ್ಲಿ ಕಾರಿನ ಸ್ಟಾರ್ಟರಿನ ಹಳೆಯ ಬ್ರಷ್ ಸಿಕ್ಕಿತು. ಅದನ್ನು ಕುಯ್ದು, ಮರಳು ಕಾಗದದ ಮೇಲೆ ಉಜ್ಜಿ ಉಜ್ಜಿ ಅಳತೆಗೆ ತಂದೆ. ಉರುಳೆಯ ಗೀರನ್ನು ನುಣುಪು ಮಾಡಿದೆ. ಬಿಗಿ ಕಳೆದುಕೊಂಡಿದ್ದ ಸ್ಪ್ರಿಂಗ್ ಬದಲಾಯಿಸಿದೆ.

‘ಇದ್ದ ಹಾಗೆ ಮಾಡಿದ್ರೆ ಸಾಕು’ ಎಂದು ಅಪ್ಪ ಪಕ್ಕದಲ್ಲಿ ಕೂತು ಹೇಳುತ್ತಲೇ ಇದ್ದರು.

ಇದ್ದ ಹಾಗೆ ಮಾಡಲು ನನಗೇನು ಹುಚ್ಚೇ? ಹಳೆಯ ಸುತ್ತನ್ನೆಲ್ಲ ಬಿಚ್ಚಿ ಎಸೆದೆ. ಇನ್ನೂ ದಪ್ಪನೆಯ ತಂತಿ ತಂದು, ಸುತ್ತು ಕಡಿಮೆ ಹಾಕಿ ಕಟ್ಟಿದೆ. ಹೀಗೆ ಕಟ್ಟಿದ ಮೋಟರು ಬ್ಯಾಟರಿಯನ್ನು ಗಟಗಟ ಕುಡಿಯುತ್ತದೆ, ಆದರೆ ಓಡುತ್ತದೆ. ಮೋಟರಿನ ಎರಡು ತುದಿಯಲ್ಲಿ ಅಚ್ಚನ್ನು ಹಿಡಿದಿರುವ ಹಿತ್ತಾಳೆ ಬುಷ್ ತೆಗೆದು ಎಸ್.ಪಿ. ರಸ್ತೆಯಿಂದ ತಂದ ಪುಟಾಣಿ ಬೇರಿಂಗ್ ಕೂರಿಸಿದೆ. ಹಳೆಯ ಮೋಟರಿನಲ್ಲಿ ಉಳಿದದ್ದು ತಗಡಿನ ಡಬ್ಬಿ, ಅಯಸ್ಕಾಂತ, ನಡುವಿನ ಕಬ್ಬಿಣ, ತಾಮ್ರದ ಉರುಳೆ, ಅಷ್ಟೇ. ವರ್ಷದ ಸಿಟ್ಟನ್ನೆಲ್ಲ ಆ ತಂತಿಯ ಜೊತೆ ಸುತ್ತಿದೆ ಎಂದರೆ ಸುಳ್ಳಲ್ಲ. ಸುತ್ತು ಚೆನ್ನಾಗಿಯೇ ಬಂತು.

ಭಾನುವಾರ ಬೆಳಿಗ್ಗೆ ಲಾರಿಯನ್ನು ಬೀದಿಗೆ ತಂದೆ. ಅಪ್ಪ ಒದ್ದೆ ತಲೆ ಒರೆಸಿಕೊಳ್ಳುತ್ತ ಹಿಂದೆಯೇ ಬಂದರು.

‘ಇದರ ರನ್ನಿಂಗ್ ಇನ್?’

‘ಆಯ್ತು.’

‘ಯಾವಾಗ?’

‘ನೀವು ಸ್ನಾನ ಮಾಡ್ತಿದ್ರಲ್ಲ, ಆಗ.’

ಅವರು ಸ್ನಾನ ಮಾಡಿ ಬರುವಷ್ಟರಲ್ಲಿ ನಾನು ಯಾರನ್ನೋ ಮದುವೆಯಾಗಿ ಬಂದಿದ್ದರೂ ಅಪ್ಪ ನನ್ನನ್ನು ಹಾಗೆ ನೋಡುತ್ತಿರಲಿಲ್ಲ. ನಾನು ಕಂಟ್ರೋಲ್ ಪೆಟ್ಟಿಗೆಯನ್ನು ಅವರ ಕೈಗೆ ಕೊಟ್ಟೆ. ಅಮ್ಮ ಒಳಗಿನಿಂದ ನಿಂಬೆಹಣ್ಣು ತಂದಿಟ್ಟಳು. ಈ ಸಲ ದೊಡ್ಡದನ್ನೇ ಆರಿಸಿದ್ದಳು.

ಅಪ್ಪ ಹೆದರಿ ಹೆದರಿ ಬೆರಳು ಸರಿಸಿದರು. ಸ್ವಲ್ಪವೇ ಸರಿಸಿದ್ದು. ಲಾರಿ ಹತ್ತಲಿಲ್ಲ, ತುಳಿಯಲಿಲ್ಲ. ಗುದ್ದಿದ ಹೊಡೆತಕ್ಕೆ ನಿಂಬೆಹಣ್ಣು ಹಾರಿ ಪಕ್ಕದ ಮನೆಯ ಕಾಂಪೌಂಡಿನೊಳಗೆ ಬಿತ್ತು. ಲಾರಿ ಧೂಳೆಬ್ಬಿಸಿಕೊಂಡು ಬೀದಿಯ ಕೊನೆ ಮುಟ್ಟಿ ಚರಂಡಿಯ ಹತ್ತಿರ ತಾನಾಗಿ ಸುತ್ತು ತಿರುಗಿ ಮಗುಚಿ ಬಿತ್ತು. ಮಕ್ಕಳು ಕೇಕೆ ಹಾಕಿಕೊಂಡು ಅದರ ಹಿಂದೆ ಓಡಿದರು. ಪಂಚೆ ಎತ್ತಿ ಕಟ್ಟಿ ಅಪ್ಪನೂ ಓಡಿದರು. ಅಪ್ಪ ಓಡಿದ್ದನ್ನು ನಾನು ನೋಡಿದ್ದು ಅವತ್ತೇ.

ವಾಪಸು ಬಂದು ಏದುಸಿರು ಬಿಡುತ್ತ ಲಾರಿಯ ಗೀರನ್ನು ಉಜ್ಜಿದರು. ಬೈಯುತ್ತಾರೆ ಎಂದುಕೊಂಡೆ.

‘ಸಖತ್ ಓಡತ್ತಲ್ಲೇ ಇದು’ ಅಂದರು. ಆ ಮಾತು ಬೀದಿಯ ಹುಡುಗರದು, ಅಪ್ಪನ ಬಾಯಿಗೆ ಯಾವಾಗ ಬಂತೋ.

‘ಮಾತು ಕೊಟ್ಟಿದ್ರಿ’ ಅಂದಳು ಅಮ್ಮ, ಅವರಿಗೆ ಉಸಿರು ಸರಿಹೋಗುವ ಮುಂಚೆಯೇ.

ಅಪ್ಪ ಆಕಾಶ ನೋಡಿದರು, ಸ್ಕೂಟರು ನೋಡಿದರು. ‘ಬಿಳೇಕಹಳ್ಳಿಗೆ ಬಸ್ಸು ಸರಿಯಿಲ್ಲ. ನಾಳೆ ನಾನೇ ಬಿಡ್ತೀನಿ’ ಅಂದರು. ಹೋಗು ಎಂದು ಬಾಯಿಬಿಟ್ಟು ಅವರು ಹೇಳಿದ್ದು ಇಲ್ಲ. ನಾನು ಮತ್ತೆ ಕೇಳಲು ಹೋಗಲಿಲ್ಲ.

ಸೋಮವಾರ ಬೆಳಿಗ್ಗೆ ಹೊರಟೆವು. ಜಯನಗರ ದಾಟಿ ಬನ್ನೇರುಘಟ್ಟ ರಸ್ತೆಗೆ ಬಿದ್ದ ಮೇಲೆ ರಸ್ತೆಯಲ್ಲಿ ಯಾರೂ ಇರಲಿಲ್ಲ. ಎರಡು ಕಡೆಯೂ ರಾಗಿ ಹೊಲ. ಸ್ಪೀಡೋಮೀಟರಿನ ಮುಳ್ಳು ನಲವತ್ತಕ್ಕೆ ಸ್ವಲ್ಪ ಕೆಳಗೆ ಮಲಗಿತ್ತು. ಎಂಟೂವರೆಗೆ ಗೇಟ್ ಹಾಕುತ್ತಾರೆ ಎಂದು ನಾನು ಹಿಂದಿನಿಂದ ಎಷ್ಟು ಸಲ ಹೇಳಿದರೂ ಅದು ಏಳಲಿಲ್ಲ. ಸೊಪ್ಪಿನ ಬುಟ್ಟಿ ಕಟ್ಟಿಕೊಂಡ ಒಂದು ಮೊಪೆಡ್ ಪುಟಪುಟ ಎಂದು ನಮ್ಮನ್ನು ದಾಟಿತು. ಓಡಿಸುತ್ತಿದ್ದವನು ಹಿಂದಿನ ಸ್ಟಿಕ್ಕರ್ ಓದಿರಬೇಕು, ‘ಹೊಸಾ ಗಾಡೀನಾ ಸಾರ್?’ ಎಂದು ಕೇಳಿಕೊಂಡೇ ಹೋದ. ವಾಚ್‌ಮನ್ ಗೇಟು ಎಳೆಯುತ್ತಿರುವಾಗ ನಾನು ಸ್ಕೂಟರಿನಿಂದ ಹಾರಿ ಒಳಗೆ ನುಗ್ಗಿದೆ.

ಸೂಪರ್‌ವೈಸರ್ ನನ್ನನ್ನು ಒಂದು ಉದ್ದನೆಯ ಮೇಜಿನ ಮುಂದೆ ನಿಲ್ಲಿಸಿದರು. ಸಾಲಾಗಿ ಮಿಕ್ಸಿ ಮೋಟರುಗಳು, ಹೊಸವು, ಎಲ್ಲವೂ ಮೆಲ್ಲಗೆ ಗುಂಯ್‌ಗುಡುತ್ತಿದ್ದವು.

‘ಹೊಸಬರೆಲ್ಲ ಮೊದ್ಲು ಇಲ್ಲೇಮ್ಮ. ಆಮೇಲೆ ವೈಂಡಿಂಗ್. ಇದು ರನ್ನಿಂಗ್ ಇನ್ ಸೆಕ್ಷನ್ನು.’

ನನಗೆ ನಗು ತಡೆಯಲಾಗಲಿಲ್ಲ. ಹುಡುಗಿಗೆ ಕೆಲಸ ಸಿಕ್ಕ ಸಂತೋಷ ಎಂದು ಅವರು ತಿಳಿದರು. ಗೋಡೆಯ ಮೇಲೆ ಗಡಿಯಾರ, ಅದರ ಕೆಳಗೆ ಬೆಲ್ಲು. ಬೆಲ್ ಹೊಡೆದಾಗ ಓಡಿದ ಮೋಟರುಗಳನ್ನು ಇಳಿಸಿ ಹೊಸದನ್ನು ಇಡಬೇಕು. ಸಂಜೆಯವರೆಗೆ ಅದನ್ನೇ ಮಾಡಿದೆ.

ಹೊರಗೆ ಬಂದರೆ ಅಪ್ಪ ಆಗಲೇ ಗೇಟಿನ ಎದುರು ಸ್ಕೂಟರಿಗೆ ಒರಗಿ ನಿಂತಿದ್ದರು. ಕಚೇರಿಗೆ ಅರ್ಧ ದಿನ ರಜೆ ಹಾಕಿದ್ದಿರಬೇಕು, ನಾನು ಕೇಳಲಿಲ್ಲ.

‘ಏನ್ ಕೆಲ್ಸ ಕೊಟ್ರು?’

‘ರನ್ನಿಂಗ್ ಇನ್.’

ಅಪ್ಪನ ಮುಖ ಅರಳಿತು. ‘ನಾನ್ ಹೇಳಿರ್ಲಿಲ್ವಾ’ ಎಂಬ ಮಾತು ತುಟಿಯವರೆಗೆ ಬಂದದ್ದು ನನಗೆ ಕಂಡಿತು. ಯಾಕೋ ಅದನ್ನು ಆಡಲಿಲ್ಲ. ಸ್ಕೂಟರಿನ ಸ್ಟ್ಯಾಂಡ್ ತೆಗೆದು, ಕಿಕ್ ಮೇಲೆ ಕಾಲಿಟ್ಟು, ನನ್ನ ಕಡೆ ನೋಡದೆ ಕೇಳಿದರು.

‘ಒಂದೊಂದು ಮೋಟರ್ ಎಷ್ಟ್ ಹೊತ್ತು ಓಡಿಸ್ತಾರೆ?’

‘ಕಾಲು ಗಂಟೆ.’

‘ಅಷ್ಟೇನಾ?’

‘ಅಷ್ಟೇ ಅಪ್ಪ. ಅಷ್ಟು ಸಾಕು.’

ಅವರು ಕಿಕ್ ಹೊಡೆಯಲಿಲ್ಲ. ಶಿಫ್ಟ್ ಮುಗಿಸಿದವರೆಲ್ಲ ನಮ್ಮ ಎರಡು ಪಕ್ಕದಿಂದ ಹೊರಟುಹೋದರು. ಗೇಟಿನ ಮುಂದೆ ನಾವಿಬ್ಬರೇ ಉಳಿದೆವು.

‘ನಿಮ್ಮ ಚಿಕ್ಕಪ್ಪಾನೂ ಕಾಲು ಗಂಟೆ ಅಂತ್ಲೇ ಹೇಳಿದ್ದ ಕಣಮ್ಮ’ ಅಂದರು ಅಪ್ಪ.

ವರ್ಷದಿಂದ ಕೂಡಿಟ್ಟ ಬೈಗುಳಗಳು ನನ್ನ ಹತ್ತಿರ ಬೇಕಾದಷ್ಟು ಇದ್ದವು. ಆದರೆ ಹಿಂದಿನ ಸೀಟಿನಲ್ಲಿ ಕೂತು, ಅವರ ಹೆಗಲ ಮೇಲೆ ಕೈಯಿಟ್ಟು, ‘ನಡೀರಿ ಅಪ್ಪ, ನರಿ ಬರೋ ಹೊತ್ತಾಯ್ತು’ ಅಂದೆ.

ಸ್ಕೂಟರು ಹೊರಟಿತು. ರಾಗಿ ಹೊಲಗಳ ನಡುವೆ ಗಾಳಿ ಜೋರಾಗಿ ಮುಖಕ್ಕೆ ಹೊಡೆಯತೊಡಗಿತು, ನಾನು ಸೆರಗನ್ನು ಸುತ್ತಿ ಹಿಡಿದುಕೊಂಡೆ. ಹ್ಯಾಂಡಲ್ಲು ನಡುಗುತ್ತಿತ್ತು. ಮುಂದೆ ಬೆಳಗಿನ ಅದೇ ಮೊಪೆಡ್ಡಿನವನು ಖಾಲಿ ಬುಟ್ಟಿಯೊಂದಿಗೆ ಹೋಗುತ್ತಿದ್ದ. ಅಪ್ಪ ಹಾರ್ನ್ ಹೊಡೆದು ಅವನನ್ನು ದಾಟಿದರು.